ಮೊದಲ ಕ್ಯಾನಿನ ಹಾಲು

ನಮ್ಮ ಹಿತ್ತಿಲ ಗೋಡೆಯ ಮೇಲೆ ಒಂದು ಸ್ಟೀಲಿನ ಹಾಲಿನ ಕ್ಯಾನು ದಿನಕ್ಕೆರಡು ಸಲ ಬೋರಲು ಬಿದ್ದಿರುತ್ತದೆ. ತೊಳೆದು, ಬಿಸಿನೀರು ಹುಯ್ದು, ಒಣಗಲೆಂದು ನನ್ನ ಹೆಂಡತಿ ಸರೋಜ ಅದನ್ನು ಹಾಗೆ ಮಗುಚಿಡುತ್ತಾಳೆ. ಮಿತ್ರರೇ, ನಿಮ್ಮ ಮನೆಯಲ್ಲೂ ಇಂಥದೊಂದು ಪಾತ್ರೆ ಇದ್ದೀತು. ದಿನಾ ಕಣ್ಣಿಗೆ ಬೀಳುವ, ಆದರೆ ಯಾವಾಗಲೋ ಒಮ್ಮೆ ನಮ್ಮ ಮುಖವನ್ನು ನಮಗೇ ತೋರಿಸಿ ನಾಚಿಸುವ ಪಾತ್ರೆ. ಈ ಕ್ಯಾನು ಕಂಡಾಗಲೆಲ್ಲ ನನಗೆ ಕೆರೆಯಾಚೆಯ ರತ್ನಕ್ಕನ ನೆನಪಾಗುತ್ತದೆ. ಆಕೆಗೆ ನಾನು ಎಷ್ಟು ಕೃತಜ್ಞ ಎಂದು ಒಮ್ಮೆಯಾದರೂ ಬಾಯಿಬಿಟ್ಟು ಹೇಳಬೇಕೆಂದು ಈ ಬರಹ.

ನಾನು ಬೆಂಗಳೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲನ್ನು ಬಂಗಾರಪೇಟೆಯಲ್ಲಿ ಹಿಡಿಯುತ್ತೇನೆ. ಮನೆಯಲ್ಲಿ ಎರಡು ಹಸು. ನಮ್ಮೂರಿಗೂ ಕೆರೆಯಾಚೆಯ ಊರಿಗೂ ಸೇರಿ ಒಂದೇ ಡೈರಿ ಇತ್ತು, ಅದೂ ಆಚೆಯ ಊರಿನಲ್ಲಿ. ರೈಲಿಗೆ ಹೋಗುವವರು ನಮ್ಮಲ್ಲೇ ಹೆಚ್ಚಾದ್ದರಿಂದ ನಾವು ಕೆರೆ ಕಟ್ಟೆಯ ಮೇಲೆ ನಡೆದು ಎಲ್ಲರಿಗಿಂತ ಮುಂಚೆ ಹೋಗಿ ಹಾಲು ಹಾಕುತ್ತಿದ್ದೆವು. ಹಾಗಾಗಿ ಡೈರಿಯ ಮೊದಲ ದೊಡ್ಡ ಕ್ಯಾನು ನಮ್ಮೂರಿನದೆಂದೇ ರೂಢಿ. ಹಾಲಿನ ಡಿಗ್ರಿ ನೋಡಿ ಬರೆದುಕೊಳ್ಳುವ ಟೆಸ್ಟರ್ ಕೆಲಸ ರತ್ನಕ್ಕನದು. ಗಂಡ ತೀರಿಕೊಂಡ ಮೇಲೆ ಆಕೆಯ ಮನೆ ನಡೆಯುತ್ತಿದ್ದದ್ದು ಅದೊಂದರಿಂದಲೇ.

ಹಸು ಕರು ಹಾಕಿದ ಮೊದಲ ದಿನಗಳ ಹಾಲು ಗಿಣ್ಣು. ಅದನ್ನು ಬೆಲ್ಲ ಹಾಕಿ ಕಾಯಿಸಿ ಅಕ್ಕಪಕ್ಕದವರಿಗೆ ಹಂಚುತ್ತೇವೆಯೇ ಹೊರತು ಡೈರಿಗೆ ಹಾಕುವುದಿಲ್ಲ. ಒಲೆಯ ಮೇಲಿಟ್ಟರೆ ಗಟ್ಟಿಯಾಗುವ ಆ ಹಳದಿ ಹಾಲು ಸೇರಿದರೆ ಇಡೀ ಕ್ಯಾನೇ ಕೆಡುತ್ತದೆ. ಇದು ನಮ್ಮ ಕಡೆ ಹೇಳಿಕೊಡುವ ವಿಷಯವೇ ಅಲ್ಲ, ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಸರೋಜ ತವರಿಗೆ ಹೋಗಿದ್ದ ವಾರ ನಮ್ಮ ಕೆಂದ ಹಸು ಕರು ಹಾಕಿತು. ಮೂರನೆಯ ಬೆಳಿಗ್ಗೆ ರೈಲಿಗೆ ಹೊತ್ತಾಯಿತೆಂಬ ಗಡಿಬಿಡಿಯಲ್ಲಿ ನಾನು ಎರಡೂ ಹಸುಗಳ ಹಾಲನ್ನು ಒಂದೇ ಕ್ಯಾನಿಗೆ ಕರೆದು, ಡೈರಿಯಲ್ಲಿ ಸುರಿದು, ಓಡಿಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಶೀತಲ ಕೇಂದ್ರದಿಂದ ಮೊದಲ ಕ್ಯಾನಿನ ಹಾಲು ಒಡೆದು ವಾಪಸು ಬಂತು.

ಸಂಜೆ ನಾನು ರೈಲಿಳಿದು ಬರುವಷ್ಟರಲ್ಲಿ ಸುದ್ದಿ ನಮ್ಮೂರಿಗೂ ಬಂದಿತ್ತು. ತವರಿನಿಂದ ಮರಳಿದ್ದ ಸರೋಜ, "ಗಿಣ್ಣು ಏನ್ ಮಾಡಿದ್ರಿ?" ಎಂದಳು.

"ಕರೂಗೇ ಬಿಟ್ಟೆ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಹಾಲು ಒಡೆದ ಸುದ್ದಿ ಅಷ್ಟಕ್ಕೇ ನಿಲ್ಲುತ್ತಿತ್ತೇನೋ. ಆದರೆ ಡೈರಿಯ ಚುನಾವಣೆ ಹತ್ತಿರವಿತ್ತು. ನಮ್ಮೂರಿನ ಮುಖಂಡ ವೆಂಕಟೇಶಪ್ಪನವರದು ಒಂದು ಪಕ್ಷ, ಡೈರಿಯ ಅಧ್ಯಕ್ಷರದು ಇನ್ನೊಂದು. "ನಮ್ಮೂರ್ ಕ್ಯಾನೇ ಯಾಕ್ ಒಡೀಬೇಕ್ರಲಾ? ಆ ಟೆಸ್ಟರಮ್ಮನ ಕೈಲಿ ಏನೋ ಆಕ್ಸವ್ರೆ" ಎಂದು ವೆಂಕಟೇಶಪ್ಪ ಗುಡುಗಿದರು. ನಮಗೇ ಬೇರೆ ಡೈರಿ, ನಮ್ಮ ಹಾಲಿಗೆ ನಾವೇ ಯಜಮಾನರು ಎಂಬ ಮಾತು ಹುಟ್ಟಿತು. ಮೂರು ದಿನದಲ್ಲಿ ಊರಿನ ಸಭೆ ಸೇರಿ ಹಳೆಯ ಡೈರಿ ಬಿಡುವ ತೀರ್ಮಾನವಾಯಿತು. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಎಲ್ಲ ಬಲ್ಲವನ ಕೈ ಎಲ್ಲರಿಗಿಂತ ಮೇಲಿತ್ತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬಿಡುವುದು ಸುಲಭ, ಮಿತ್ರರೇ. ಬಿಟ್ಟ ಮರುದಿನದ ಬೆಳಗು ಕಷ್ಟ. ಹೊಸ ಡೈರಿಗೆ ಅನುಮತಿ ಬರಲಿಲ್ಲ, ಹಾಲಿನ ವ್ಯಾನು ನಮ್ಮೂರಿನ ಮುಂದೆಯೇ ನಿಲ್ಲದೆ ಹೋಯಿತು. ಹೆಂಗಸರು ಹಾಲನ್ನು ಹೆಪ್ಪುಹಾಕಿ, ಮೊಸರು ಮಾಡಿ, ಬಂಗಾರಪೇಟೆಯ ಸಂತೆಗೂ ರಾಬರ್ಟ್‌ಸನ್‌ಪೇಟೆಯ ಹೋಟೆಲುಗಳಿಗೂ ಹೊತ್ತರು. ವೆಂಕಟೇಶಪ್ಪ ಅಧಿಕಾರಿಗಳನ್ನು ಬೈದರು, ಅಧಿಕಾರಿಗಳು ಡೈರಿಯ ಆಡಳಿತ ಮಂಡಳಿಯತ್ತ ಬೊಟ್ಟು ಮಾಡಿದರು. ಅರ್ಧ ಹಾಲು ಕಳೆದುಕೊಂಡ ಅಧ್ಯಕ್ಷರು ಯಾರ ತಲೆಯ ಮೇಲೆ ಗೂಬೆ ಕೂರಿಸಲೆಂದು ಸುತ್ತಮುತ್ತ ನೋಡಿದರು. ಕೊನೆಗೆ ಎರಡೂ ಪಕ್ಷದವರು ಒಂದೇ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು: ತಪ್ಪು ರತ್ನಕ್ಕನದು. ಮುಂದಿನ ಭಾನುವಾರ ಎರಡೂ ಊರಿನ ಸದಸ್ಯರ ಸಭೆ ಕರೆದು ಆಕೆಯನ್ನು ಕೆಲಸದಿಂದ ತೆಗೆಯುವುದೆಂದು ಗೊತ್ತಾಯಿತು.

ಆ ವಾರ ರೈಲಿನಲ್ಲಿ ನನ್ನ ಎದುರಿಗೆ ಎಂದಿನಂತೆ ಮಾರಿಕುಪ್ಪಂನ ಸೆಲ್ವರಾಜ್ ಕೂತಿದ್ದರು. ಅವರ ತಾತ ಚಿನ್ನದ ಗಣಿಯಲ್ಲಿ ಇಂಗ್ಲಿಷ್ ದೊರೆಗಳ ಕೈಕೆಳಗೆ ದುಡಿದವರು. ಆ ನಂಟಿಗೋ ಏನೋ, ಇಂಗ್ಲೆಂಡಿನ ಸುದ್ದಿ ಎಂದರೆ ಅವರಿಗೆ ಮನೆಯ ಸುದ್ದಿಯಷ್ಟೇ ಪ್ರೀತಿ. ಆ ದೇಶ ಯುರೋಪಿನ ವ್ಯಾಪಾರದ ಒಕ್ಕೂಟ ಬಿಟ್ಟು ವರ್ಷಗಳಾದರೂ ಅಲ್ಲಿನ ಪಕ್ಷಗಳು ಇನ್ನೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿರುವುದನ್ನು ಮೊಬೈಲಿನಲ್ಲಿ ಓದುತ್ತಾ ನಕ್ಕರು.

"ನಮ್ಮೂರ್ನ ಬಿಟ್ಟು ಹೋದವ್ರು, ಈಗ ಪಕ್ಕದ್ಮನೆನೂ ಬಿಟ್ಟವ್ರೆ ಪಾ. ಬಿಡ್ಲಿ. ಆದ್ರೆ ಇಷ್ಟ್ ದೊಡ್ಡ ದೇಶದಲ್ಲಿ ಒಬ್ರಾದ್ರೂ 'ಇದು ನಾನ್ ಮಾಡಿದ್ ತಪ್ಪು' ಅಂತಾರಾ ನೋಡಿ ಸಾರ್!"

ನಾನು ಕಿಟಕಿಯಾಚೆ ನೋಡತೊಡಗಿದೆ. ದೇಶದ ದೊಡ್ಡವರನ್ನು ಬೈಯುವ ಸುಖ ನನಗೆ ಅಂದು ದಕ್ಕಲಿಲ್ಲ. ಸಮುದ್ರದಾಚೆಯ ಆ ಮಂತ್ರಿಗಳೂ ನಾನೂ ಒಂದೇ ಗರಡಿಯವರು. ಅವರ ತಪ್ಪು ದೊಡ್ಡ ಸಭೆಯಲ್ಲಿ ನಡೆದದ್ದು, ನನ್ನದು ಹಿತ್ತಿಲಲ್ಲಿ, ಅಷ್ಟೇ. ದೂರುವುದರಲ್ಲಿ ಒಂದು ವಿಚಿತ್ರ ನೆಮ್ಮದಿ ಇದೆ. ಎಲ್ಲರೂ ಕೂಡಿ ಒಬ್ಬರನ್ನು ದೂರುವಾಗ ಗುಂಪಿನ ನಡುವೆ ಬೆಚ್ಚಗೆ ನಿಂತಂತಿರುತ್ತದೆ, ಹೊರಗೆ ಯಾರು ಚಳಿಯಲ್ಲಿ ನಿಂತಿದ್ದಾರೆಂದು ಇಣುಕಿ ನೋಡುವ ಮನಸ್ಸಾಗುವುದಿಲ್ಲ.

ಭಾನುವಾರ ಡೈರಿಯ ಮುಂದೆ ಶಾಮಿಯಾನದಡಿ ಸಭೆ. ರತ್ನಕ್ಕ ತೂಕದ ಯಂತ್ರದ ಪಕ್ಕ ಸೆರಗು ಹೊದ್ದು ನಿಂತಿದ್ದರು. ಅಧ್ಯಕ್ಷರು, "ಈಯಮ್ಮನ್ನ ತೆಗೆಯೋಕೆ ಯಾರ್ದಾದ್ರೂ ತಕರಾರೈತಾ?" ಎಂದರು. ನಾನು ಎದ್ದು ನಿಂತೆ. ಕೆಂದ ಹಸುವಿನ ಮೂರನೆಯ ದಿನದ ಗಿಣ್ಣು ನನ್ನ ಕೈಯಿಂದಲೇ ಬಿದ್ದದ್ದು, ರತ್ನಕ್ಕ ಏನೂ ಮಾಡಿಲ್ಲ ಎಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ವೆಂಕಟೇಶಪ್ಪನವರ ಮುಖ ಕೆಂಪಾಯಿತು, ಅಧ್ಯಕ್ಷರದೂ ಅಷ್ಟೇ. ಹಾಲು ಕೆಟ್ಟದ್ದಕ್ಕೆ ಬಂದ ಸಿಟ್ಟಲ್ಲ ಅದು. ತಪ್ಪು ಮಾಡಿದವನು ಇಷ್ಟು ಅಗ್ಗವಾಗಿ ಸಿಕ್ಕಿಬಿಟ್ಟನಲ್ಲ ಎಂಬ ಸಿಟ್ಟು.

ಆಗ ರತ್ನಕ್ಕ ಮಾತಾಡಿದರು.

"ತಪ್ಪು ಈವಪ್ಪಂದು ಒಂದೇ ಅಲ್ಲ. ಆಲು ಅಳದಿ ಐತೆ ಅಂತ ನಂಗೂ ಕಂಡಿತ್ತು. ರೈಲ್ ತಪ್ಪೋಗ್ತದೆ ಅಂತ ಓಡ್ತಿದ್ದ, ಪಾಪ ಅಂತ ನಿಲ್ಲಿಸ್ಲಿಲ್ಲ. ನಿಲ್ಲಿಸ್ಬೇಕಾಗಿತ್ತು, ಅದು ನನ್ ಕೆಲ್ಸ."

ಅಧ್ಯಕ್ಷರು ಸಭೆ ಮುಗಿಯಿತೆಂದು ಎದ್ದರು. ಆಕೆಯ ಕೆಲಸ ಉಳಿಯಿತು. ಎರಡು ಊರು ಮತ್ತೆ ಒಂದಾಗಲಿಲ್ಲ ಎನ್ನುವುದನ್ನೂ ಹೇಳಬೇಕು. ಅಷ್ಟು ದೂರ ನಡೆದ ಮೇಲೆ ಹಿಂದೆ ಬರಲು ಮುಖಂಡರಿಗೆ ಮುಖವಿರಲಿಲ್ಲ. ತಿಂಗಳುಗಳ ಮೇಲೆ ಅನುಮತಿ ಬಂದು ನಮ್ಮ ಡೈರಿ ಈಗ ಹೇಗೋ ನಡೆಯುತ್ತಿದೆ.

ಅಂದು ಜನ ಚದುರಿದ ಮೇಲೆ ನಾನು ರತ್ನಕ್ಕನ ಹತ್ತಿರ ಹೋದೆ. ಗೊತ್ತಿದ್ದೂ ಇಷ್ಟು ದಿನ ನನ್ನ ಹೆಸರು ಯಾಕೆ ಹೇಳಲಿಲ್ಲ, ಹೇಳಿದ್ದರೆ ನಿಮ್ಮ ಮೇಲಿನ ಅಪವಾದ ಅಂದೇ ಹೋಗುತ್ತಿತ್ತಲ್ಲ ಎಂದೆ. ಆಕೆ ಸ್ಯಾಂಪಲ್ ಬಾಟಲಿಗಳನ್ನು ಜೋಡಿಸುತ್ತಾ ತಲೆ ಎತ್ತದೆಯೇ ಹೇಳಿದರು:

"ಓಗ್ತಿತ್ತು ಕಣಪ್ಪಾ. ಆದ್ರೆ ಎರಡೂರೂ ನಿನ್ ಮನೆ ಮ್ಯಾಕೆ ಬೀಳ್ತಿತ್ತು. ನೀನು ರೈಲತ್ತಿ ಓಯ್ತೀಯ. ನಿನ್ ಎಂಡ್ರು ದಿನಾ ಈ ಕಟ್ಟೆ ಮ್ಯಾಲೆ ಎಂಗೆ ಓಡಾಡ್ಬೇಕಾಗಿತ್ತು?"

ಮನೆಗೆ ಬಂದು ಸರೋಜಳಿಗೆ ಎಲ್ಲವನ್ನೂ ಹೇಳಿದೆ, ಅವಳಿಗೆ ಹೇಳಿದ ಸುಳ್ಳನ್ನೂ ಸೇರಿಸಿ. ಅವಳು ಕೈ ತೊಳೆದು ಸೆರಗಿಗೆ ಒರೆಸಿಕೊಂಡು, ಊರು ಊರು ಬೇರೆಯಾದ ಮೇಲೆ ನಮ್ಮ ಹೆಂಗಸರು ಯಾರೂ ತುಳಿಯದಿದ್ದ ಕಟ್ಟೆಯ ದಾರಿಯಲ್ಲಿ, ರತ್ನಕ್ಕನ ಮನೆಯ ಕಡೆಗೆ ನಡೆದಳು.