ಕೀಬೋರ್ಡಿಗಿಲ್ಲದ ತಪಾಸಣೆ

ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನಿಗೆ ಎಲ್ಲರೂ ಇಟ್ಟಿದ್ದ ಹೆಸರು ಪಹರೆ ಸಾಹೇಬ. ಯಾರಾದರೂ ಪೆನ್‌ಡ್ರೈವ್ ತಂದರೆ ಕಳ್ಳನನ್ನು ಹಿಡಿದವನ ಹಾಗೆ ಎಗರಾಡುತ್ತಿದ್ದ. ಅವನ ಒಪ್ಪಿಗೆಯಿಲ್ಲದೆ ಅಲ್ಲಿ ಒಂದು ಪೆನ್‌ಡ್ರೈವೂ ತೆರೆಯುತ್ತಿರಲಿಲ್ಲ, ಅದು ನಿಜ. ಕೀಬೋರ್ಡುಗಳಿಗೆ ಮಾತ್ರ ಬಾಗಿಲು ಸದಾ ಹಾರುಹೊಡೆದಿತ್ತು. ಚುಚ್ಚಿದ ವಸ್ತು ತಾನು ಕೀಬೋರ್ಡು ಎಂದು ಹೇಳಿಕೊಂಡರೆ ಸಾಕು, ಕಂಪ್ಯೂಟರು ಮರುಮಾತಿಲ್ಲದೆ ನಂಬುತ್ತಿತ್ತು. ಇರುವ ಕೀಬೋರ್ಡುಗಳ ಗುರುತು ಪಟ್ಟಿ ಮಾಡಿ, ಉಳಿದವನ್ನೆಲ್ಲ ತಡೆಯಿರಿ ಎಂದು ಮೇಲಿನವರು ಎರಡು ಸಲ ಬರೆದಿದ್ದರು. ಅಷ್ಟೊಂದು ಮೇಜುಗಳ ಕೆಳಗೆ ಬಗ್ಗುವವರು ಯಾರು? "ಕೀಬೋರ್ಡ್ ಏನ್ ಕಚ್ಚುತ್ತಾ?" ಎಂದು ನಕ್ಕು, ಕೆಲಸ ಮುಗಿದಿದೆ ಎಂದು ಉತ್ತರ ಕಳಿಸಿದ್ದ.

ಅದೇ ವಿಭಾಗದಲ್ಲಿ ಅವನ ಅಕ್ಕ ಬೆರಳಚ್ಚುಗಾರ್ತಿ. ಹುಟ್ಟಿನಿಂದಲೂ ಕಣ್ಣು ಕಾಣದವಳು. ವೈದ್ಯರ ದನಿ ಕೇಳುತ್ತಾ ಮನೆಯಿಂದ ತಂದ ತನ್ನ ಬ್ರೈಲ್ ಕೀಬೋರ್ಡಿನಲ್ಲಿ ಒತ್ತುತ್ತಿದ್ದಳು; ಹದಿನಾರು ವರ್ಷದಲ್ಲಿ ಒಂದು ಔಷಧದ ಹೆಸರೂ ತಪ್ಪಿರಲಿಲ್ಲ. ಡಿಗ್ರಿ ಮುಗಿಸಿ ಮೂರು ವರ್ಷ ಮನೆಯಲ್ಲಿ ಬಿದ್ದುಕೊಂಡಿದ್ದ ತಮ್ಮನಿಗೆ ಮೇಲಧಿಕಾರಿಯ ಕೈಕಾಲು ಹಿಡಿದು ಕೆಲಸ ಕೊಡಿಸಿದವಳೂ ಅವಳೇ.

ಒಂದು ಶುಕ್ರವಾರ ಆ ಮೇಲಧಿಕಾರಿ, ಸೆಕೆ ತಡೆಯಲಾರದೆ, ಯಾರೋ ಪುಕ್ಕಟೆ ಕೊಟ್ಟಿದ್ದ ಪುಟ್ಟ ಫ್ಯಾನನ್ನು ಕಂಪ್ಯೂಟರಿಗೆ ಚುಚ್ಚಿದರು. ಒಳಗೆ ಕಳ್ಳ ಚಿಪ್ ಅಡಗಿಸಿಕೊಂಡಿದ್ದ ಫ್ಯಾನು ತಾನು ಕೀಬೋರ್ಡು ಎಂದಿತು. ಒಳಗೆ ಹೋಗಿ ತನಗೆ ಬೇಕಾದ ಆದೇಶಗಳನ್ನು ತಾನೇ ಟೈಪಿಸಿತು. ಊಟದ ಹೊತ್ತಿಗೆ ನಾಲ್ಕು ಸಾವಿರ ರೋಗಿಗಳ ದಾಖಲೆ ಅಳಿದುಹೋಗಿತ್ತು.

ಪಹರೆ ಸಾಹೇಬ ಒಂದೇ ಗಂಟೆಯಲ್ಲಿ ಕಾರಣ ಪತ್ತೆ ಹಚ್ಚಿದ. ಮಹಾರಾಯನ ಬುದ್ಧಿಗೇನೂ ಕೊರತೆಯಿರಲಿಲ್ಲ, ಕೊರತೆ ಬೇರೆ ಕಡೆ ಇತ್ತು. ವರದಿಯಲ್ಲಿ ಫ್ಯಾನು ಎಂದು ಬರೆದರೆ, ಬಾಗಿಲು ತೆರೆದಿಟ್ಟವನು ಯಾರು ಎಂದು ಕೇಳುತ್ತಾರೆ.

ಮೇಲಧಿಕಾರಿ ಕೋಣೆಯ ಬಾಗಿಲು ಮುಚ್ಚಿ ಮೆಲ್ಲಗೆ ಅಂದರು: "ನಿಮ್ಮಕ್ಕಂದು ಹೊರಗಿಂದ ತಂದ ಕೀಬೋರ್ಡ್ ಅಲ್ವೇನಯ್ಯಾ? ಇಲ್ಲಾಂದ್ರೆ ನಾವಿಬ್ರೂ ಮನೆಗೆ ಹೋಗ್ಬೇಕಾಗುತ್ತೆ."

ಅವನು ಐದು ನಿಮಿಷವೂ ಯೋಚಿಸಲಿಲ್ಲ. ಥೂ, ಒಡಹುಟ್ಟಿದವಳ ತಲೆಗೇ ಕಟ್ಟಿಬಿಟ್ಟ. ಅವಳ ತಪ್ಪೊಪ್ಪಿಗೆ, ರಾಜೀನಾಮೆ ಎರಡನ್ನೂ ಒಂದೇ ಹಾಳೆಯಲ್ಲಿ ಟೈಪ್ ಮಾಡಿ, ಸಂಜೆ ಅವಳ ಮೇಜಿಗೆ ತಂದ.

"ಏನೋ ಅದು? ಓದು."

ಹಾಳೆ ನೋಡಿಕೊಂಡೇ, ಅದರಲ್ಲಿಲ್ಲದ್ದನ್ನು ಓದಿದ: "ತನಿಖೆಗಾಗಿ ನನ್ನ ಕೀಬೋರ್ಡನ್ನು ಎರಡು ದಿನದ ಮಟ್ಟಿಗೆ ಒಪ್ಪಿಸಿದ್ದೇನೆ."

"ಅಷ್ಟೇನಾ?"

"ಅಷ್ಟೇ ಅಕ್ಕ."

ಬೇರೆ ಯಾರೇ ಕಾಗದ ತಂದರೂ ಪಕ್ಕದ ಮೇಜಿನವರಿಂದ ಇನ್ನೊಮ್ಮೆ ಓದಿಸಿಕೊಳ್ಳುವುದು ಅವಳ ಪದ್ಧತಿ. ತಮ್ಮ ಓದಿದ್ದನ್ನು ಅವಳು ಯಾವತ್ತೂ ಹಾಗೆ ಪರೀಕ್ಷಿಸಿದ್ದಿಲ್ಲ. ಅವನು ಅವಳ ಬೆರಳು ಹಿಡಿದು ಸಹಿಯ ಜಾಗದ ಮೇಲಿಟ್ಟ. ಅವಳು ನಿಧಾನವಾಗಿ, ಅಂದವಾಗಿ ಸಹಿ ಹಾಕಿದಳು.

"ಸೋಮವಾರ ಸ್ವಲ್ಪ ಬೇಗ ಕರ್ಕೊಂಡು ಬಾರೋ," ಅಂದಳು. "ಅಳಿಸಿಹೋಗಿದ್ದನ್ನೆಲ್ಲ ಮತ್ತೆ ಟೈಪ್ ಮಾಡ್ಬೇಕಲ್ಲ, ಪಾಪ ರೋಗಿಗಳು. ನಂಗೆ ಎಷ್ಟೋ ನೆನಪಿದೆ."

"ಹೂಂ ಅಕ್ಕ," ಎಂದು ಅವನು ಹಾಳೆ ಮಡಚಿಕೊಂಡ.