ತಂತಿ ಮಾವನ ಇನ್ನೊಂದು ಸುತ್ತು

ನನ್ನ ಸೋದರಮಾವನನ್ನು ದೋಣಿಕಟ್ಟೆಯವರೆಲ್ಲ ತಂತಿ ಮಾವ ಎನ್ನುತ್ತಿದ್ದರು. ಅಂಚೆಯವರ ತಂತಿಯಲ್ಲ; ಹಾಯಿದೋಣಿಯ ಕಂಬವನ್ನು ನೆಟ್ಟಗೆ ನಿಲ್ಲಿಸುವ ಉಕ್ಕಿನ ತಂತಿ. ಪುಟ್ಟ ದೋಣಿಗೆ ಅಂಥವು ಮೂರು: ಮುಂದೊಂದು, ಅಕ್ಕಪಕ್ಕ ಒಂದೊಂದು. ಬುಡದಲ್ಲಿರುವ ತಿರುಪನ್ನು ಸುತ್ತಿದರೆ ಬಿಗಿ, ಹಿಂದಕ್ಕೆ ಸುತ್ತಿದರೆ ಸಡಿಲ. "ತಿರುಪು ನಂಬಿದೋನು ಕಣೋ ನಾನು, ತಿರುಪೆ ಎತ್ತೋನಲ್ಲ" ಎಂದು ಮಾವ ವಾರಕ್ಕೊಮ್ಮೆ ಹೇಳುತ್ತಿದ್ದ. ನಾವೂ ವಾರಕ್ಕೊಮ್ಮೆ ನಗುತ್ತಿದ್ದೆವು.

ಬಿಗಿ ಅಳೆಯಲು ಅಂಗಡಿಯಲ್ಲಿ ಮೀಟರ್ ಸಿಗುತ್ತದೆ. "ಮೀಟೋನಿಗೆ ಮೀಟರ್ ಯಾಕೆ?" ಎಂದು ಮಾವ ಹೆಬ್ಬೆರಳಿನಿಂದ ತಂತಿ ಮೀಟಿ ಕಿವಿಗೊಡುತ್ತಿದ್ದ. ಎಡಬಲದವು ಒಂದೇ ದನಿಯಲ್ಲಿ ಝಿಂ ಎಂದರೆ ಕೆಲಸ ಮುಗಿಯಿತು.

ಈಚೆಗೆ ಕೆಲಸಕ್ಕೆ ಅತ್ತೆಯನ್ನೂ ಕರೆದುಕೊಂಡು ಹೋಗತೊಡಗಿದ. ಅತ್ತೆ ಹಿಂದೆ ನಿಂತು ಕಂಬ ಓರೆಯಾಯಿತೇ ಎಂದು ನೋಡಿ ಹೇಳಬೇಕು. ವಯಸ್ಸಾದ ಮೇಲೆ ಪ್ರೀತಿ ಉಕ್ಕಿದೆ ಎಂದು ನಾವು ಆಡಿಕೊಂಡೆವು. ಉಕ್ಕಿದ್ದು ಪ್ರೀತಿಯಲ್ಲ, ಉಕ್ಕಿನ ದನಿ ಅವನಿಗೆ ಕೇಳಿಸುತ್ತಿರಲಿಲ್ಲ. ಟಿ.ವಿ.ಯ ಅಬ್ಬರದಿಂದಲೇ ಅತ್ತೆಗೆ ಅದು ಗೊತ್ತಾಗಿತ್ತು. ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಹೊರಗೆ ತಿಳಿದರೆ ಕಿವುಡನ ಕೈಗೆ ದೋಣಿ ಕೊಡುವವರು ಯಾರು?

ಅವತ್ತು ಔಷಧಿ ಅಂಗಡಿಯ ಕಾಂಪೌಂಡರ್ ದೋಣಿ. ಅವರೂ ನಾನೂ ದಡದಲ್ಲಿ ಹಾಯಿ ಮಡಚುತ್ತಿದ್ದೆವು. ಮಾವ ಎಡತಂತಿಯ ಬುಡದಲ್ಲಿ ತಲೆ ಬಗ್ಗಿಸಿ ಕೂತಿದ್ದ.

"ಸಾಕು" ಎಂದಳು ಅತ್ತೆ.

ಮಾವ ಒಂದು ಸುತ್ತು ಹಾಕಿದ.

"ಸಾಕೂ!"

ಇನ್ನೊಂದು ಸುತ್ತು.

"ರೀ, ಸಾಕೂ ರೀ!"

ಮಾವ ಎರಡೂ ಕೈ ಹಚ್ಚಿ ಸ್ಪ್ಯಾನರ್ ಎಳೆದ. ಟಪ್ಪೆಂದಿತು. ತಂತಿ ಹಿಡಿದಿದ್ದ ಲೋಹದ ಪಟ್ಟಿ ಹಲಗೆಯ ತುಂಡಿನ ಸಮೇತ ಕಿತ್ತು ಬಂತು. ಕಂಬ ಬಲಕ್ಕೆ ವಾಲಿತು.

"ಹಾಕು ಹಾಕು ಅಂತ ನೀನೇ ಬಡ್ಕೊಂಡ್ಯಲ್ಲೇ!"

"ಸಾಕು ಅಂದೆ ಕಣ್ರೀ."

"ಏನು?"

ಕಾಂಪೌಂಡರ್ ಮಾವನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ಕಿವಿಗೆ ಬಿಡುವ ಹನಿ ಮಾರುವ ಮನುಷ್ಯ, ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. "ಹೋಗ್ಲಿ ಬಿಡಿ, ಹಲಗೆ ಹಳೇದು" ಎಂದರು, ಮೆಲ್ಲಗೆ. ಮೆಲ್ಲಗೆ ಹೇಳಿದ್ದರಿಂದ ಅದೂ ಮಾವನಿಗೆ ತಲುಪಲಿಲ್ಲ.

ಮಾವ ಎದ್ದು ಬಲಗಡೆಯ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದ. ನಲವತ್ತು ವರ್ಷದಲ್ಲಿ ಯಾರನ್ನೂ ಕೇಳದ ಪ್ರಶ್ನೆಯನ್ನು ಅತ್ತೆಯನ್ನು ಕೇಳಿದ: "ದನಿ ಹೇಗಿದೆ?"

ಅತ್ತೆ ಅವನಿಗೆ ಕಾಣುವಂತೆ ಬಾಯಿ ಅಗಲಿಸಿ, ತಲೆಯಾಡಿಸಿ ಹೇಳಿದಳು: "ಚೆನ್ನಾಗಿದೆ ರೀ. ಝಿಂ ಅಂತಿದೆ."

ಮಾವ ತಂತಿಯನ್ನು ಒಂದು ಬೆರಳಿಂದ ಸರಿಸಿದ. ಕಂಬ ವಾಲಿದ್ದರಿಂದ ಅದು ಬಟ್ಟೆ ಒಣಹಾಕುವ ಹಗ್ಗದಂತೆ ಜೋಲಾಡುತ್ತಿತ್ತು.

"ಕಣ್ಣು ಇನ್ನೂ ಕಾಣುತ್ತೆ ಕಣೇ" ಎಂದ.

ಸ್ಪ್ಯಾನರ್ ಒರೆಸಿ ಅತ್ತೆಯ ಕೈಗೆ ಕೊಟ್ಟ. ಅವಳಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.