ಕಲ್ ತಕ್ ಪಾನಿ

ಮುಕ್ಕುಂದದ ತಳವಾರ ಗದ್ದೆಪ್ಪನಿಗೆ ಉರ್ದು ಎಷ್ಟು ಬರುತ್ತಿತ್ತೆಂದರೆ, ಎರಡು ಕೈಯ ಬೆರಳು ಮಡಚಿ ಎಣಿಸಿ ಮುಗಿಸುವಷ್ಟು. ಹಾಜಿರ್, ಹುಕುಂ, ಪಾನಿ, ಜಲ್ದಿ, ಇಂಥವೇ. ಆದರೆ ಅವನ ಜಂಬ ನೋಡಬೇಕಿತ್ತು ನೀವು. ನಿಜಾಮ ಸರಕಾರದ ಹಿತ್ತಾಳೆ ಬಿಲ್ಲೆ ಎದೆಗೆ ಸಿಕ್ಕಿಸಿಕೊಂಡು, ಹೆಂಡತಿ ಊಟಕ್ಕೆ ಕರೆದರೂ 'ಜೀ' ಎನ್ನುತ್ತಿದ್ದ ಪುಣ್ಯಾತ್ಮ. ಊರವರು ಅವನಿಗೆ ಸರಕಾರಿ ಗದ್ದೆಪ್ಪ ಎಂದೇ ಹೆಸರಿಟ್ಟಿದ್ದರು.

ತುಂಗಭದ್ರೆಗೆ ಇನ್ನೂ ಅಣೆಕಟ್ಟು ಇಲ್ಲದ ಕಾಲ ಅದು. ಮೇಲಿನ ಸೀಮೆಯಲ್ಲಿ ಹೊಳೆ ಏರಿದರೆ ಸಿಂಧನೂರಿನಿಂದ ಕುದುರೆ ಸವಾರ ಸುದ್ದಿ ತರುತ್ತಿದ್ದ. ಅದನ್ನು ಊರಿಗೆ ಡಂಗುರ ಸಾರುವುದು ಗದ್ದೆಪ್ಪನ ಕೆಲಸ. ಹೊಳೆದಂಡೆಯಲ್ಲಿ ಒಂದು ಕಲ್ಲು ನೆಟ್ಟಿತ್ತು. ನೀರು ಕಲ್ಲಿನ ತನಕ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಬಟ್ಟೆ ಒಗೆಯಲು ಹತ್ತಿರವಾಯಿತು ಎನ್ನುತ್ತಿದ್ದರು. ಕಲ್ಲು ಮುಳುಗಿದರೆ ಮಾತ್ರ ಕೆಳಗಿನ ಓಣಿಯ ಮೂರು ಮನೆಯವರು ಗಂಟುಮೂಟೆ ಕಟ್ಟಬೇಕು.

ಆ ವರ್ಷ ಸವಾರ ಬಂದಾಗ ಊರ ಮುಂದಿನ ಹಳ್ಳ ಆಗಲೇ ತುಂಬಿತ್ತು. ಕುದುರೆ ನೀರಿಗಿಳಿಯಲೊಲ್ಲದು. ಆಚೆ ದಂಡೆಯಿಂದಲೇ ಕೂಗಿದ: "ಕಲ್ ತಕ್ ಪಾನಿ ಆತಾ. ಸಬ್ ಕೋ ಬೋಲ್."

ಎಲ್ಲರಿಗೂ ಹೇಳು ಎಂದದ್ದು ಗದ್ದೆಪ್ಪನಿಗೆ ತಿಳಿಯಿತು. ಪಾನಿ ಅಂದರೆ ನೀರು, ಗೊತ್ತು. ತಕ್ ಅಂದರೆ ತನಕ, ಅದೂ ಗೊತ್ತು. ಕಲ್ ಅಂದರೆ ಕಲ್ಲು, ಅದನ್ನೇನು ಯಾರಾದರೂ ಹೇಳಿಕೊಡಬೇಕೇ? ಆದರೂ ಒಳಗೊಳಗೇ ಅಳುಕಾಯಿತು. ಕಲ್ಲಿನ ತನಕ ಬರುವ ನೀರಿಗೆ ಸವಾರ ಇಷ್ಟು ದೂರ ಮಳೆಯಲ್ಲಿ ನೆನೆದು ಬರುತ್ತಾನೆಯೇ? ಮತ್ತೊಮ್ಮೆ ಕೂಗಿ ಕೇಳಬಹುದಿತ್ತು. ಆದರೆ ಹಿಂದೆ ಹತ್ತು ಜನ ನಿಂತಿದ್ದರು. ಅವರ ಮುಂದೆ ಕೇಳುವುದೆಂದರೆ ಬಿಲ್ಲೆಯ ಮಾನ ಹೋದಂತೆ. "ಜೀ ಹುಜೂರ್" ಎಂದು ಸಲಾಂ ಹೊಡೆದ.

"ಏನಂತಪಾ?" ಎಂದರು ಹಿಂದಿದ್ದವರು.

"ಹೊಳಿ ಸುದ್ದಿ. ಕೆಳಗಿನ ಓಣ್ಯಾಗ ನಾನ ಹೇಳ್ತೀನಿ," ಎಂದ. ಇಷ್ಟಕ್ಕೆ ಡಂಗುರವೇಕೆ ಎಂದು ಹಲಗೆಯನ್ನು ಮುಟ್ಟಲೇ ಇಲ್ಲ.

ಕೆಳಗಿನ ಓಣಿಯಲ್ಲಿ ಎರಡು ಮನೆಗಳಿಗೆ ಬೀಗ. ಕೂಲಿಗೆಂದು ಲಿಂಗಸುಗೂರು ಕಡೆ ಹೋಗಿದ್ದರು. ಇದ್ದವಳು ಯಂಕಮ್ಮ ಒಬ್ಬಳೇ. ಗಂಡ ಸತ್ತವಳು, ಮಗಳು ಸಂಗಮ್ಮನನ್ನು ಮಸ್ಕಿಗೆ ಕೊಟ್ಟಿದ್ದಳು.

"ಗದ್ದೆಪ್ಪಾ, ಎಮ್ಮಿ ನಿನ್ನೆರ ಈದೈತಿ. ಕರಾ ಎತ್ಕೊಂಡು ಮ್ಯಾಲ ಹೋಗ್ಲೇನು?"

"ಸುಮ್ನ ಕುಂದ್ರು ಬೇ ಯಕ್ಕಾ. ಸರಕಾರ ಹೇಳೈತಿ, ಕಲ್ಲಿನ ತನಕ ಅಷ್ಟ."

"ನೀ ಹೇಳಿದ ಮ್ಯಾಲ ಆತು ಬಿಡು," ಎಂದು ಅವಳು ಕಟ್ಟಿದ ಗಂಟನ್ನು ಬಿಚ್ಚಿದಳು.

ಮರುದಿನ ಮಧ್ಯಾಹ್ನ ಹೊಳೆ ಕಲ್ಲನ್ನು ನುಂಗಿ, ಓಣಿಯನ್ನೂ ನುಂಗಿತು. ಎಮ್ಮೆ ಹಗ್ಗ ಹರಿದುಕೊಂಡು ದಿನ್ನೆ ಹತ್ತಿತು. ಕರು ಸಿಗಲಿಲ್ಲ. ಯಂಕಮ್ಮ ಜಾಲಿಗಿಡಕ್ಕೆ ಸಿಕ್ಕಿಕೊಂಡು ಸಿಕ್ಕಳು.

ಅದರ ಮಾರನೆಯ ದಿನ ಹಳ್ಳ ಇಳಿದು ಸವಾರ ಮತ್ತೆ ಬಂದ. ಹೆಣ ನೋಡಿ ಸಿಡಿದುಬಿದ್ದ. "ಪರಸೋಂ ಮೈ ಬೋಲಾ, ಕಲ್ ತಕ್ ಆತಾ. ಕಲ್ ಆಯಾ. ತೂ ಬೋಲಾ ನೈ?"

ಮೊನ್ನೆ ಹೇಳಿದೆ, ಕಲ್ ಬರುತ್ತದೆಂದು, ಕಲ್ ಬಂತು, ನೀನು ಹೇಳಲಿಲ್ಲವೇ? ಗದ್ದೆಪ್ಪ ಲೆಕ್ಕ ಹಾಕಿದ. ಬಂದದ್ದು ನಿನ್ನೆ. ಹಾಗಾದರೆ ಕಲ್ ಅಂದರೆ ಕಲ್ಲಲ್ಲ, ದಿನ; ನಿನ್ನೆಗೂ ಅದೇ ಮಾತು, ನಾಳೆಗೂ ಅದೇ ಮಾತು. ನಾಳೆಯೊಳಗೆ ನೀರು ಬರುತ್ತದೆ ಎಂದಿದ್ದ ಅವನು. ಅಯ್ಯೋ ಶಿವನೇ, ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು.

ಊರೆಲ್ಲ ಅವನ ಬಾಯಿ ನೋಡುತ್ತಿತ್ತು. "ಬೋಲ್ಯಾ ಹುಜೂರ್," ಎಂದ. ಆಮೇಲೆ ಊರಿನ ಕಡೆ ತಿರುಗಿ, "ಹೇಳಿದ್ದೆ. ಆಕೀನ ಕೇಳಲಿಲ್ಲ," ಎಂದ. ಅವನು ಓಣಿಗೆ ಇಳಿದದ್ದನ್ನು ಹತ್ತು ಜನ ಕಂಡಿದ್ದರು, ಹೌದೌದು ಎಂದರು.

ಮಸ್ಕಿಯಿಂದ ಸಂಗಮ್ಮ ಬಂದಳು. ಅತ್ತು ಅತ್ತು, ಕೊನೆಗೆ ಎಮ್ಮೆಯ ಹಗ್ಗವನ್ನು ಗದ್ದೆಪ್ಪನ ಕೈಗೇ ಇಟ್ಟಳು. "ಕಾಕಾ, ನೀ ಮನಿತನಕ ಬಂದು ಹೇಳಿದಿ. ನಮ್ಮವ್ವ ಹಟಮಾರಿ, ಯಾರ ಮಾತು ಕೇಳಾಕಿ ಆಕಿ? ಇದು ನಿಮ್ಮನ್ಯಾಗ ಇರಲಿ."

ಇವನು ಹಗ್ಗ ಹಿಡಿದುಕೊಂಡ. ಹಿಡಿದುಕೊಂಡನಲ್ಲ, ಆ ಕೈ ಸೇದಿಹೋಗಬಾರದಿತ್ತೇ? ಆ ಎಮ್ಮೆಯ ಹಾಲನ್ನು ಮನೆಮಂದಿಯೆಲ್ಲ ಕುಡಿದರು. ಅವನೊಬ್ಬ ನೀರುಮಜ್ಜಿಗೆಯನ್ನೂ ಮುಟ್ಟಲಿಲ್ಲ. ಬಿಲ್ಲೆಯನ್ನು ಅಂಗಿಯ ಒಳಗೆ ಹಾಕಿಕೊಳ್ಳತೊಡಗಿದ. ಪ್ರತಿ ಮಳೆಗಾಲ ಸವಾರ ಬಂದರೆ, "ಮಾಫ್ ಕರೋ ಹುಜೂರ್, ಮುಝೆ ಸಮಜಾ ನೈ" ಎಂದು, ತಿಳಿಯಲಿಲ್ಲವೆಂದು ಒಪ್ಪಿಕೊಂಡೇ ಮೂರು ಮೂರು ಸಲ ಕೇಳುತ್ತಿದ್ದ. ಗದ್ದೆಪ್ಪನಿಗೆ ಕಿವಿ ಮಂದವಾಗಿದೆ ಎಂದು ಊರು ನಕ್ಕಿತು. ನಗಲಿ ಎಂದುಕೊಂಡ. ಮನೆ ಮನೆಗೂ ಹೋಗಿ, ತಿಳಿಯಿತೇ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ.

ಆರನೆಯ ವರ್ಷ ಮಸ್ಕಿಯ ಸಂತೆಯಲ್ಲಿ ಸಂಗಮ್ಮ ಕಂಡಳು. ಅವಳ ಮಗು ಬಳೆ ಬೇಕೆಂದು ರಚ್ಚೆ ಹಿಡಿದಿತ್ತು. "ನಿಮ್ಮಜ್ಜಿ ಹಂಗ ಹಟಾ ಮಾಡಬ್ಯಾಡ. ಮಾತು ಕೇಳಲಾರದಕ್ಕ ನೀರಿಗಿ ಹೋದ್ಲು ಆಕಿ," ಎಂದು ಗದರುತ್ತಿದ್ದಳು. ಗದ್ದೆಪ್ಪ ಜೋಳದ ಚೀಲದ ಹಿಂದೆ ಮರೆಯಾಗಿ ನಿಂತ.

ಮರುವಾರ ಎಮ್ಮೆಯನ್ನೂ ಅದರ ಎರಡು ಕರುಗಳನ್ನೂ ಹೊಡೆದುಕೊಂಡು ಮಸ್ಕಿಗೆ ನಡೆದ. ಸಂಗಮ್ಮನ ಹೊಸ್ತಿಲ ಹೊರಗೇ ನಿಂತು ಎಲ್ಲ ಹೇಳಿದ. ಕಲ್ಲು ಹೇಳಿದ, ಬಿಲ್ಲೆ ಹೇಳಿದ, ಬಿಚ್ಚಿದ ಗಂಟನ್ನೂ ಹೇಳಿದ. ಬೈಯಲಿ, ಕೆರ ತೆಗೆದುಕೊಂಡು ಹೊಡೆಯಲಿ ಎಂದು ತಲೆ ತಗ್ಗಿಸಿದ.

ಸಂಗಮ್ಮ ಬೈಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದಳು.

"ಅಂದ್ರ, ಅವ್ವ ನಿನ್ನ ಮಾತು ಕೇಳಿದ್ಲು," ಎಂದಳು.

"ಕೇಳಿದ್ಲವ್ವಾ," ಎಂದ ಗದ್ದೆಪ್ಪ.